ಕೊಡಗಿನ ಮನೆಯಲ್ಲಿ ಹವಳದಿಬ್ಬದ ಹಿಂಡು ಮೀನು: ಆಯ್ಕೆಯಿಂದ ಮಳೆಗಾಲದವರೆಗೆ ಸಮಗ್ರ ಮಾರ್ಗದರ್ಶಿ

ಉಪ್ಪುನೀರಿನ ಟ್ಯಾಂಕ್ ಕಟ್ಟಲು ಹೊರಟವರ ಕಣ್ಣ ಮುಂದೆ ಇರುವುದು ಸಾಮಾನ್ಯವಾಗಿ ಒಂದೇ ಚಿತ್ರ: ಹಸಿರು-ನೀಲಿ ಕ್ರೋಮಿಸ್ ಹಿಂಡು, ಒಟ್ಟಿಗೆ ಸಾಗಿ ಒಟ್ಟಿಗೆ ತಿರುಗುವ ನೋಟ. ಹತ್ತು ಮೀನು ತಂದು ಬಿಡುತ್ತಾರೆ. ಆರು ತಿಂಗಳ ಮೇಲೆ ನೋಡಿದರೆ ಎರಡೋ ಮೂರೋ ಉಳಿದಿರುತ್ತವೆ. ನೀರಿನ ಪರೀಕ್ಷೆ ಸರಿ ಬಂದಿತ್ತು, ಮೈಮೇಲೆ ಚುಕ್ಕೆ ಇರಲಿಲ್ಲ, ಆದರೂ ವಾರಕ್ಕೊಂದರಂತೆ ಕಡಿಮೆಯಾಗುತ್ತ ಬಂದವು.

ಕಡಲಿನಲ್ಲಿ ಹಿಂಡನ್ನು ಕಟ್ಟಿಹಾಕುವುದು ಭಯ ಮತ್ತು ಹಸಿವು. ಹೊಂಚು ಹಾಕುವ ಮುರು ಮೀನು ಕೆಳಗಿದೆ, ತೇಲಿ ಬರುವ ಸಣ್ಣ ಆಹಾರ ಮೇಲಿದೆ, ನಡುವೆ ಗುಂಪಾಗಿ ಇದ್ದರೆ ಬದುಕು. ಮನೆಯ ಟ್ಯಾಂಕಿನಲ್ಲಿ ಹೆದರಿಸುವವರು ಯಾರೂ ಇಲ್ಲ. ಒಂದೆರಡು ವಾರದಲ್ಲಿ ಭಯ ಹೋಗುತ್ತದೆ, ಯಾರು ಮೇಲು ಯಾರು ಕೀಳು ಎನ್ನುವ ಜಗಳ ಉಳಿಯುತ್ತದೆ. ದೊಡ್ಡ ಮೀನು ಚಿಕ್ಕದನ್ನು ಅಟ್ಟುತ್ತದೆ, ಅದು ಅದಕ್ಕಿಂತ ಚಿಕ್ಕದನ್ನು. ಕಟ್ಟಕಡೆಯ ಮೀನಿಗೆ ತಿನ್ನಲೂ ಬಿಡುವುದಿಲ್ಲ, ಮಲಗಲೂ ಜಾಗವಿಲ್ಲ. ಹಾಗಾಗಿ ಆ ಜಗಳವನ್ನು ಎಲ್ಲ ಮೀನೂ ತಾಳಿಕೊಳ್ಳುವಂತೆ ಮಾಡುವುದೇ ಇಲ್ಲಿಯ ಕೆಲಸ. ಸರಿಯಾದ ಜಾತಿ, ಸಾಕಷ್ಟು ಜಾಗ, ಮೀನಿಗಿಂತ ಹೆಚ್ಚು ಅಡಗುತಾಣ, ಪದೇಪದೇ ಆಹಾರ: ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಯಾವ ಮೀನು, ಎಷ್ಟು

ಮೊದಲ ಹಿಂಡಿಗೆ ನಮ್ಮ ಶಿಫಾರಸು ಪೈಜಾಮ ಕಾರ್ಡಿನಲ್. ಬೆಳೆದರೆ 8 ಸೆಂ.ಮೀ., ಗುಣದಲ್ಲಿ ಸಾಧು. ನಡುವೆ ಕಪ್ಪು ಪಟ್ಟಿ, ಹಿಂದೆ ಕೆಂಪು ಚುಕ್ಕೆ, ಕೆಂಪು ಕಣ್ಣು. ಐದಾರು ಮೀನು ಒಂದು ಮೂಲೆಯಲ್ಲಿ ಒಟ್ಟಾಗಿ ತೇಲುತ್ತಾ ನಿಲ್ಲುತ್ತವೆ, ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ರಾತ್ರಿ ಚುರುಕಾಗುವ ಮೀನಾದ್ದರಿಂದ ಓಡಾಟದ ಸೊಗಸು ಕಡಿಮೆ, ಆದರೆ ಸಾಯುವುದು ಅದಕ್ಕಿಂತ ಕಡಿಮೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಐದಕ್ಕೆ ಸಾಕು.

ಬಂಗ್ಗಾಯ್ ಕಾರ್ಡಿನಲ್ ನೋಡಲು ಇನ್ನೂ ಚೆಂದ, ಆದರೆ ಹಿಂಡಿನ ಮೀನೆಂದು ತರಬೇಡಿ. ಮರಿಯಾಗಿದ್ದಾಗ ಗುಂಪಾಗಿರುತ್ತವೆ, ಬೆಳೆದು ಒಂದು ಜೋಡಿ ಕೂಡಿದ ಕೂಡಲೆ ಉಳಿದವನ್ನು ಕೊಂದುಹಾಕುತ್ತವೆ. ಇಂಡೋನೇಷ್ಯಾದ ಬಂಗ್ಗಾಯ್ ದ್ವೀಪಗಳ ಸುತ್ತ ಮಾತ್ರ ಇದರ ಮೂಲ ನೆಲೆ, ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲೂ ಇದೆ. ಬೇಕೆಂದರೆ ಸಾಕಣೆಯಲ್ಲಿ ಹುಟ್ಟಿದ ಒಂದು ಜೋಡಿ ತನ್ನಿ. ಗಂಡು ಮೀನು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುವುದನ್ನು ಮನೆಯಲ್ಲೇ ನೋಡಬಹುದು.

ಹಸಿರು ಕ್ರೋಮಿಸ್ ಅಗ್ಗ, ಸುಲಭವಾಗಿ ಸಿಗುತ್ತದೆ, ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ಅದಕ್ಕೆ 4 ಅಡಿಗಿಂತ ಕಡಿಮೆ ಉದ್ದದ ಟ್ಯಾಂಕ್ ಬೇಡ. 4 × 1.5 × 1.5 ಅಡಿಯ ಟ್ಯಾಂಕಿಗೆ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ, ಅದರಲ್ಲಿ ಏಳು ಮೀನು. ಬೆಸ ಸಂಖ್ಯೆಯಲ್ಲೇ ತರಬೇಕೆನ್ನುವ ಮಾತಿಗೆ ಆಧಾರವಿಲ್ಲ. ಮೂರು ತಂದರೆ ಎಲ್ಲ ಏಟೂ ಒಂದರ ಮೇಲೇ ಬೀಳುತ್ತದೆ, ಏಳು ತಂದರೆ ಹಂಚಿಹೋಗುತ್ತದೆ, ಲೆಕ್ಕ ಅಷ್ಟೇ. ಎಲ್ಲವೂ ಒಂದೇ ಅಳತೆಯವಾಗಿರಲಿ, ಒಂದೇ ದಿನ ಟ್ಯಾಂಕಿಗೆ ಇಳಿಯಲಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮತ್ತು ಡ್ಯಾಮ್ಸೆಲ್ ಜಾತಿಗಳ ಮರಿ ಮಾಡುವ ವಿಧಾನವನ್ನು ರೂಪಿಸಿದೆ, ಕ್ರೋಮಿಸ್ ಕೂಡ ಡ್ಯಾಮ್ಸೆಲ್ ಬಳಗದ್ದೇ. ಕೊಳ್ಳುವಾಗ ಮರಿಕೇಂದ್ರದಲ್ಲಿ ಹುಟ್ಟಿದ ಮೀನು ಇದೆಯೇ ಎಂದು ಕೇಳಿ; ಇದ್ದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ.

ಕ್ರೋಮಿಸ್ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಕಡಲಿನಲ್ಲಿ ಇದು ಕವಲುಕವಲಾದ ಹವಳದ ಸಂದಿಗಳಲ್ಲಿ ರಾತ್ರಿ ಕಳೆಯುತ್ತದೆ. ಒಂದೊಂದು ಮೀನಿಗೂ ಒಂದೊಂದು ಸಂದಿ. ನಮ್ಮ ಟ್ಯಾಂಕಿನಲ್ಲಿರುವುದು ಗುಂಡು ಕಲ್ಲಿನ ರಾಶಿ, ಅದರಲ್ಲಿ ಮೂರೋ ನಾಲ್ಕೋ ಒಳ್ಳೆಯ ಬಿಲ. ದೀಪ ಆರುವ ಹೊತ್ತಿಗೆ ಅರ್ಧ ಗಂಟೆ ಟ್ಯಾಂಕಿನ ಮುಂದೆ ಕುಳಿತು ನೋಡಿ: ಜಾಗ ಸಿಗದ ಮೀನು ಒಂದು ಬಿಲದಿಂದ ಇನ್ನೊಂದಕ್ಕೆ ಹೋಗುತ್ತದೆ, ಪ್ರತಿ ಬಾಗಿಲಲ್ಲೂ ಒಂದು ಕಚ್ಚು ತಿನ್ನುತ್ತದೆ, ಕೊನೆಗೆ ಪಂಪಿನ ಹಿಂದೆ ಗಾಜಿಗೆ ಮೈಯೊತ್ತಿ ನಿಲ್ಲುತ್ತದೆ. ಬೆಳಿಗ್ಗೆ ಅದರ ಬಾಲದ ತುದಿ ಹರಿದಿರುತ್ತದೆ. ಇದಕ್ಕೆ ಪರಿಹಾರ ಸುಲಭ. 25 ಮಿ.ಮೀ. ಪಿವಿಸಿ ಪೈಪನ್ನು 8 ಸೆಂ.ಮೀ. ತುಂಡು ಮಾಡಿ, ಅಂಚು ಉಜ್ಜಿ, ಕಲ್ಲಿನ ಹಿಂಬದಿಗೆ ಎಪಾಕ್ಸಿ ಪುಟ್ಟಿಯಿಂದ ಅಂಟಿಸಿ. ಏಳು ಮೀನಿಗೆ ಹನ್ನೆರಡು ತುಂಡು, ಎರಡೂ ತುದಿ ತೆರೆದಿರಲಿ, ಬೇರೆಬೇರೆ ಎತ್ತರದಲ್ಲಿರಲಿ.

ಇನ್ನು ಆಂಥಿಯಾಸ್. ಕಿತ್ತಳೆ ಬಣ್ಣದ ಹೆಣ್ಣುಗಳು, ನೇರಳೆ-ಗುಲಾಬಿ ಗಂಡು. ಲೈರ್‌ಟೇಲ್ ಆಂಥಿಯಾಸ್‌ನ ಗಂಡಿಗೆ ಬೆನ್ನಿನ ರೆಕ್ಕೆಯಲ್ಲಿ ಒಂದು ಮುಳ್ಳು ಎಳೆಯಂತೆ ಉದ್ದವಾಗಿರುತ್ತದೆ. ಇವೆಲ್ಲ ಹೆಣ್ಣಾಗಿ ಹುಟ್ಟುವವು; ಗುಂಪಿನ ಗಂಡು ಸತ್ತರೆ ಹೆಣ್ಣುಗಳಲ್ಲಿ ಬಲಶಾಲಿಯಾದದ್ದು ಗಂಡಾಗುತ್ತದೆ. ಇಸ್ರೇಲಿನ ವಿಜ್ಞಾನಿ ಲೆವ್ ಫಿಶೆಲ್ಸನ್ 1970ರಲ್ಲಿ ಇದೇ ಮೀನಿನಲ್ಲಿ ಇದನ್ನು ತೋರಿಸಿಕೊಟ್ಟರು. ಕೊಳ್ಳುವವರಿಗೆ ಇದರಿಂದ ಒಂದು ಅನುಕೂಲ: ಐದೂ ಹೆಣ್ಣನ್ನೇ, ಚಿಕ್ಕ ಅಳತೆಯವನ್ನೇ ತನ್ನಿ, ಗಂಡು ತಾನಾಗಿ ಆಗುತ್ತದೆ. ಆದರೆ ಒಂದೇ ಟ್ಯಾಂಕಿಗೆ ಎರಡು ಗಂಡು ಎಂದೂ ಬೇಡ. ಟ್ಯಾಂಕ್ ಕನಿಷ್ಠ 4 × 2 × 2 ಅಡಿ, ಅಂದರೆ 450 ಲೀಟರ್. ದಿನಕ್ಕೆ ಮೂರು-ನಾಲ್ಕು ಸಲ ಆಹಾರ ಹಾಕಲು ಆಗದ ಮನೆಗೆ ಈ ಮೀನು ಬೇಡವೇ ಬೇಡ. ಮೊದಲ ವರ್ಷ ಪೈಜಾಮ ಸಾಕಿ, ಎರಡನೇ ವರ್ಷ ಆಂಥಿಯಾಸ್ ತರುವುದು ಒಳ್ಳೆಯ ದಾರಿ.

ಡಾಮಿನೊ, ಮೂರುಪಟ್ಟಿಯ ಡ್ಯಾಮ್ಸೆಲ್ ಇವು ಮರಿಯಾಗಿ ಮುದ್ದು, ಬೆಳೆದರೆ ಟ್ಯಾಂಕಿಗೇ ಯಜಮಾನ. ಬಿಟ್ಟುಬಿಡಿ.

ನೀರು, ಕಲ್ಲು, ತಾಮ್ರ

ಕೊಡಗಿನ ಬಾವಿ, ಒರತೆಗಳ ನೀರು ಸಾಮಾನ್ಯವಾಗಿ ಮೆದು, ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಕಡಿಮೆ. ಆದರೂ ನೇರವಾಗಿ ಬಳಸಬೇಡಿ, ಕಬ್ಬಿಣದ ಅಂಶ ಇರಬಹುದು. ಆರ್‌ಒ ಜೊತೆಗೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ದಾಟಿ ಟಿಡಿಎಸ್ ಮೀಟರಿನಲ್ಲಿ 0 ಬಂದ ನೀರು ಬೇಕು. ಅಡುಗೆಮನೆಯ ಆರ್‌ಒ ಯಂತ್ರ ಕೊನೆಯಲ್ಲಿ ಖನಿಜ ಬೆರೆಸುತ್ತದೆ, ಆದ್ದರಿಂದ ಪೊರೆ ದಾಟಿದ ನೀರನ್ನು ಅಲ್ಲಿಂದಲೇ ಬೇರೆ ಕೊಳವೆಯಲ್ಲಿ ತೆಗೆಯಬೇಕು. ನಮ್ಮ ನೀರಿನ ಮೆದುತನದಿಂದಾಗಿ ರೆಸಿನ್ ಬಯಲುಸೀಮೆಯವರಿಗಿಂತ ಹೆಚ್ಚು ದಿನ ಬರುತ್ತದೆ.

ಲೀಟರಿಗೆ 36ರಿಂದ 38 ಗ್ರಾಂ ಅಕ್ವೇರಿಯಂ ಉಪ್ಪು ಸೇರಿಸಿದರೆ ಸಾವಿರಕ್ಕೆ 35 ಲವಣಾಂಶ, ಅಂದರೆ 1.026 ಸಾಂದ್ರತೆ ಬರುತ್ತದೆ. 25 ಲೀಟರಿಗೆ ಸುಮಾರು 925 ಗ್ರಾಂ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರಿ ನೀರಿನಿಂದಲ್ಲ, 35ರ ಮಾದರಿ ದ್ರಾವಣದಿಂದ ಸರಿಹೊಂದಿಸಿ. ಉಪ್ಪಿನ ಚೀಲ ಒಡೆದ ದಿನವೇ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ತೆರೆದ ಚೀಲ ಎರಡು ವಾರದಲ್ಲಿ ಕಲ್ಲಾಗುತ್ತದೆ, ಗಟ್ಟಿಯಾದ ಉಪ್ಪು ಕರಗಿದರೂ ಕ್ಯಾಲ್ಸಿಯಂ, ಕ್ಷಾರತೆ ಸರಿಯಾಗಿ ಬರುವುದಿಲ್ಲ.

ತೋಟವಿರುವ ಮನೆಯವರು ಮುಂದಿನದನ್ನು ಎರಡು ಬಾರಿ ಓದಿ. ಮಳೆಗೆ ಮುಂಚೆ ಕಾಫಿಗೆ, ಕರಿಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ಮೀನಿಗೆ ಔಷಧವಾಗುವಷ್ಟು ಅಲ್ಪ ತಾಮ್ರ ಕೂಡ ಶಂಖ, ಸಿಗಡಿ, ಹವಳಗಳಿಗೆ ವಿಷ. ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು, ಕೋಲು ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು, ಎಷ್ಟು ತೊಳೆದಿದ್ದರೂ ಸರಿಯೇ. ಸಿಂಪಡಣೆ ಮಾಡಿದ ದಿನ ಬೇರೆಯವರು ಆಹಾರ ಹಾಕಲಿ. ತಗಡಿನ ಮಾಡಿನ ಮಳೆನೀರು ಸತು ಬಿಡುತ್ತದೆ, ಅದನ್ನೂ ಹಿಡಿಯಬೇಡಿ. ಟ್ಯಾಂಕಿರುವ ಕೋಣೆಯಲ್ಲಿ ಸೊಳ್ಳೆಯ ಸ್ಪ್ರೇ ಹೊಡೆಯುವುದು ಪೂರ್ತಿ ನಿಲ್ಲಬೇಕು.

ಕಲ್ಲಿನ ವಿಷಯ: ಭಾರತದ ಕಡಲಿನ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಯಾರಾದರೂ ಕಡಲಿಂದ ಕಿತ್ತ ‘ಲೈವ್ ರಾಕ್’ (ಜೀವಿಗಳು ಅಂಟಿಕೊಂಡ ಹವಳದ ಕಲ್ಲು) ಕೊಡುತ್ತೇನೆಂದರೆ ಬೇಡವೆನ್ನಿ. ಸೆರಾಮಿಕ್ ಕಲ್ಲು ಸಾಕು, 250 ಲೀಟರಿಗೆ 20ರಿಂದ 25 ಕೆ.ಜಿ. ಬೇಕು. ಕಲ್ಲನ್ನು ಟ್ಯಾಂಕಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಈಜಲು ಮುಂದುಗಡೆ ಪೂರ್ತಿ ಉದ್ದ ಖಾಲಿ ಇರಬೇಕು.

ತುಂಬಿದ ನಾಲ್ಕಡಿ ಟ್ಯಾಂಕ್ 300 ಕೆ.ಜಿ. ದಾಟುತ್ತದೆ, 450 ಲೀಟರಿನದು 600. ಮರದ ಹಲಗೆಯ ಮೇಲಂತಸ್ತಿನಲ್ಲಿ ಇಡಬೇಡಿ.

ಅಮೋನಿಯ 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ) ಬರುವಷ್ಟು ಹಾಕಿ, ಮೀನಿನ ಕೊಳೆಯಿಂದ ಬರುವ ಅಮೋನಿಯವನ್ನು ಕರಗಿಸುವ ಬ್ಯಾಕ್ಟೀರಿಯ ಕೂರಿಸಲು ನಾಲ್ಕರಿಂದ ಆರು ವಾರ ಕೊಡಿ. ಹೀಟರ್ ಹಾಕದೆ ತಣ್ಣಗಿನ ನೀರಿನಲ್ಲಿ ಕಾದರೆ ಎರಡರಷ್ಟು ಕಾಲ ಹಿಡಿದೀತು. ಹಾಕಿದ 2 ಪಿಪಿಎಂ ಒಂದು ದಿನದೊಳಗೆ ಕರಗಿ, ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯಾದ ಮೇಲೆಯೇ ಮೀನು.

ಎತ್ತರ ಮತ್ತು ಉಸಿರು

ಕರಾವಳಿಯವರಿಗೆ ಇಲ್ಲದ, ನಮಗೆ ಮಾತ್ರ ಇರುವ ತೊಂದರೆಯೊಂದಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ. 26 ಡಿಗ್ರಿಯ ಕಡಲನೀರು ಮಂಗಳೂರಿನಲ್ಲಿ ಲೀಟರಿಗೆ ಸುಮಾರು 6.7 ಮಿ.ಗ್ರಾಂ ಆಮ್ಲಜನಕ ಹಿಡಿದರೆ ಮಡಿಕೇರಿಯಲ್ಲಿ 5.8ರ ಆಸುಪಾಸು. ಇಡೀ ದಿನ ನೀರಿನ ನಡುವೆ ಈಜುತ್ತಲೇ ಇರುವ ಕ್ರೋಮಿಸ್, ಆಂಥಿಯಾಸ್‌ಗಳಿಗೆ ಈ ಕೊರತೆ ತಟ್ಟುತ್ತದೆ. ಕರಾವಳಿಯ ಲೆಕ್ಕದಲ್ಲಿ ‘ಇನ್ನೂ ನಾಲ್ಕು ಮೀನು ಹಿಡಿಯುತ್ತದೆ’ ಎನ್ನುವ ಟ್ಯಾಂಕ್ ಇಲ್ಲಿ ಆಗಲೇ ತುಂಬಿದೆ ಎಂದುಕೊಳ್ಳಿ.

ಹಾಗಾಗಿ ನೀರಿನ ಮೇಲ್ಮೈ ಸದಾ ಕದಡುತ್ತಿರಬೇಕು. ಟ್ಯಾಂಕಿನ ಅಳತೆಯ 20ರಿಂದ 30 ಪಟ್ಟು ನೀರನ್ನು ಗಂಟೆಗೆ ತಳ್ಳುವ ವೇವ್‌ಮೇಕರ್‌ಗಳು, ಅವುಗಳಲ್ಲಿ ಒಂದರ ಮುಖ ಮೇಲ್ಮೈ ಕಡೆಗೆ. ಎರಡು ಪಟ್ಟು ದೊಡ್ಡ ಟ್ಯಾಂಕಿಗೆಂದು ಹೇಳಿದ ಸ್ಕಿಮ್ಮರ್ (ಗಾಳಿಗುಳ್ಳೆಯ ನೊರೆಯಲ್ಲಿ ಕೊಳೆ ತೆಗೆಯುವ ಸಾಧನ). ಮುಚ್ಚಳ ಗಾಜಿನದ್ದಲ್ಲ, 6 ಮಿ.ಮೀ. ಬಲೆಯದ್ದು, ಇವೆಲ್ಲ ನೀರಿನಿಂದ ಹೊರಕ್ಕೆ ಜಿಗಿಯುವ ಮೀನು. ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ಒಳಗೆ ಸೌದೆ ಒಲೆ ಉರಿದರೆ ಕೋಣೆಯ ಇಂಗಾಲದ ಡೈಆಕ್ಸೈಡ್ ನೀರಿಗಿಳಿದು ಪಿಎಚ್ 8.2ರಿಂದ 7.8ಕ್ಕೆ ಬೀಳುತ್ತದೆ. ಅದಕ್ಕೆ ಪುಡಿ ಸುರಿಯಬೇಡಿ. ಸ್ಕಿಮ್ಮರಿನ ಗಾಳಿಯ ಕೊಳವೆಯನ್ನು ಕಿಟಕಿಯ ಚೌಕಟ್ಟಿನ ಮೂಲಕ ಹೊರಗೆ ಬಿಡಿ, ಎರಡು ದಿನದಲ್ಲಿ ಏರುತ್ತದೆ.

ಘಟ್ಟ ಹತ್ತಿಸಿ ತರುವುದು

ಮೀನು ತರಲು ಒಳ್ಳೆಯ ಕಾಲ ಫೆಬ್ರವರಿಯಿಂದ ಏಪ್ರಿಲ್. ಚಳಿ ಇಳಿದಿರುತ್ತದೆ, ಮಳೆ ಹಿಡಿಯುವ ಹೊತ್ತಿಗೆ ಹಿಂಡು ಹೊಂದಿಕೊಂಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ಡರ್ ಮಾಡಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಅಷ್ಟಾಗದಿದ್ದರೂ ಮರ ಬಿದ್ದು ಆರು ಗಂಟೆ ನಿಂತ ಬಸ್ಸಿನಲ್ಲಿ ಮೀನು ಉಳಿಯುವುದಿಲ್ಲ.

ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿ, ಎದುರಲ್ಲೇ ಆಹಾರ ಹಾಕಿಸಿ. ತಿನ್ನದ ಮೀನು ಬೇಡ. ಹೊಟ್ಟೆ ಒಳಕ್ಕೆ ಹೋಗಿದ್ದರೆ, ಪಕ್ಕೆಯಲ್ಲಿ ಹುರುಪೆಯ ಕೆಳಗೆ ಕೆಂಪು ಕಲೆ ಕಂಡರೆ, ಆ ಟ್ಯಾಂಕಿನ ಒಂದು ಮೀನನ್ನೂ ಮುಟ್ಟಬೇಡಿ. ಕೊಳ್ಳುವ ಮೀನು ಅಂಗಡಿಗೆ ಬಂದು ಕನಿಷ್ಠ ಹತ್ತು ದಿನ ಆಗಿರಲಿ.

ಒಂದು ಚೀಲಕ್ಕೆ ಒಂದೇ ಮೀನು. ಮಂಗಳೂರಿನಿಂದ ತರಿಸುವುದಾದರೆ ಚೀಲವನ್ನು ಬಿಗಿಯಾಗಿ ಉಬ್ಬಿಸಬೇಡಿ ಎಂದು ಹೇಳಿ. ಸಂಪಾಜೆ ಘಾಟಿ ಹತ್ತುವಾಗ ಚಿಪ್ಸ್ ಪೊಟ್ಟಣ ಉಬ್ಬುವುದನ್ನು ಎಲ್ಲರೂ ನೋಡಿದ್ದೇವೆ. ಮೀನಿನ ಚೀಲದ ಗಾಳಿಯೂ ಮಡಿಕೇರಿ ತಲುಪುವಾಗ ನೂರಕ್ಕೆ ಹದಿನೈದರಷ್ಟು ಹಿಗ್ಗುತ್ತದೆ, ರಬ್ಬರ್‌ಬ್ಯಾಂಡ್ ಜಾರಿ ನೀರು ಸೋರುತ್ತದೆ. ಮುಷ್ಟಿಯಿಂದ ಒತ್ತಿದರೆ ತಗ್ಗುವಷ್ಟು ಸಡಿಲವಿರಲಿ. ಎರಡು ಪದರ ಚೀಲ, ಥರ್ಮೋಕೋಲ್ ಡಬ್ಬಿ, ಸುತ್ತ ಸುಕ್ಕು ಮಾಡಿದ ಪತ್ರಿಕೆ.

ಮನೆಗೆ ಬಂದ ಮೇಲೆ:

1. ಮೀನು ಬರುವ ಮುಂಚೆಯೇ ಅಂಗಡಿಯವರಿಂದ ಅವರ ನೀರಿನ ಲವಣಾಂಶ ಕೇಳಿ, ಕ್ವಾರಂಟೈನ್ ಟ್ಯಾಂಕನ್ನು (ಹೊಸ ಮೀನನ್ನು ಮೊದಲು ಬೇರೆಯಾಗಿಡುವ ಟ್ಯಾಂಕ್) ಅದೇ ಲವಣಾಂಶಕ್ಕೆ ತಂದಿಡಿ.
2. ದೀಪ ಆರಿಸಿ, ಮುಚ್ಚಿದ ಚೀಲವನ್ನು 20 ನಿಮಿಷ ತೇಲಿಸಿ.
3. ಚೀಲ ತೆರೆದ ಕೂಡಲೆ ಮೀನನ್ನು ಬಲೆಯಿಂದಲ್ಲ, ಸಣ್ಣ ಪಾತ್ರೆಯಿಂದ ಎತ್ತಿ ಬಿಡಿ. ಚೀಲದ ನೀರು ಚೆಲ್ಲಿ.

ಹನಿಹನಿಯಾಗಿ ಒಂದು ಗಂಟೆ ನೀರು ಬೆರೆಸುವ ಪದ್ಧತಿ ದೂರದಿಂದ ಬಂದ ಚೀಲಕ್ಕೆ ಅಪಾಯ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ, ಅದರಿಂದಲೇ ಅಲ್ಲಿ ಸೇರಿದ ಅಮೋನಿಯ ಸೌಮ್ಯ ರೂಪದಲ್ಲಿರುತ್ತದೆ. ತೆರೆದೊಡನೆ ಪಿಎಚ್ ಏರಿ ಅದೇ ಅಮೋನಿಯ ವಿಷವಾಗುತ್ತದೆ.

ಕ್ವಾರಂಟೈನ್: ಇಲ್ಲಿ ಜಿಪುಣತನ ಬೇಡ

ಹಿಂಡನ್ನು ಪೂರ್ತಿ ಒಟ್ಟಿಗೆ, ಕನಿಷ್ಠ 30 ದಿನ ಬೇರೆ ಟ್ಯಾಂಕಿನಲ್ಲಿಡಿ. 80ರಿಂದ 100 ಲೀಟರ್, ಸ್ಪಂಜ್ ಫಿಲ್ಟರ್, ಹೀಟರ್, ಪಿವಿಸಿ ತುಂಡುಗಳು; ಮರಳು ಬೇಡ. ಬಿಳಿಚುಕ್ಕೆ ಮತ್ತು ವೆಲ್ವೆಟ್ ರೋಗಗಳಿಗೆ ತಾಮ್ರವೇ ಮದ್ದು, ಆದರೆ ಅದು ಅಕ್ವೇರಿಯಂಗೆಂದೇ ತಯಾರಾದದ್ದಾಗಿರಲಿ, ತೋಟದ ಮೈಲುತುತ್ತವಲ್ಲ. ಕೀಲೇಟೆಡ್ ತಾಮ್ರವಾದರೆ 2ರಿಂದ 2.5 ಪಿಪಿಎಂ, ಅಯಾನಿಕ್ ಆದರೆ 0.15ರಿಂದ 0.20. ಎರಡರ ನಡುವೆ ಹತ್ತು ಪಟ್ಟಿಗೂ ಮೀರಿದ ಅಂತರವಿದೆ, ಬಾಟಲಿ ಓದದೆ ಹಾಕಿದರೆ ಒಂದೇ ರಾತ್ರಿಯಲ್ಲಿ ಎಲ್ಲ ಸಾಯುತ್ತವೆ. ಮೂರು ದಿನದಲ್ಲಿ ಹಂತಹಂತವಾಗಿ ಏರಿಸಿ, ದಿನವೂ ಅಳೆಯಿರಿ.

ಕ್ರೋಮಿಸ್‌ನ ನಿಜವಾದ ಶತ್ರು ಯುರೊನೀಮ ಎಂಬ ಸೂಕ್ಷ್ಮ ಪರಾವಲಂಬಿ. ಪಕ್ಕೆಯಲ್ಲಿ ಕೆಂಪು ಹುಣ್ಣು, ಒಂದೆರಡು ದಿನದಲ್ಲಿ ಸಾವು. ಇದಕ್ಕೆ ತಾಮ್ರ ನಾಟುವುದಿಲ್ಲ. ಕಲೆ ಕಂಡ ಮೀನನ್ನು ಆ ಗಳಿಗೆಯಲ್ಲೇ ಬೇರೆ ಮಾಡಿ. ಉಳಿದವಕ್ಕೆ 10 ಲೀಟರ್ ಉಪ್ಪುನೀರಿಗೆ 37 ಶೇಕಡಾ ಫಾರ್ಮಲಿನ್ 1.5 ಮಿ.ಲೀ. ಬೆರೆಸಿ, ಏರ್‌ಸ್ಟೋನ್ ಜೋರಾಗಿ ಬಿಟ್ಟು 30ರಿಂದ 45 ನಿಮಿಷದ ಸ್ನಾನ. ಫಾರ್ಮಲಿನ್ ಆಮ್ಲಜನಕವನ್ನು ಹೀರುತ್ತದೆ, ನಮ್ಮ ಎತ್ತರದಲ್ಲಿ ಅದೇ ಮೊದಲೇ ಕಡಿಮೆ, ಆದ್ದರಿಂದ ಪಕ್ಕದಲ್ಲೇ ನಿಂತು ನೋಡಿ. ಮೀನು ವಾಲಿದರೆ ಹೊರತೆಗೆಯಿರಿ. ಕೈಗವಸು ಹಾಕಿಕೊಳ್ಳಿ, ಬಾಗಿಲು ಕಿಟಕಿ ತೆರೆದಿರಲಿ, ಬಾಟಲಿಯ ತಳದಲ್ಲಿ ಬಿಳಿ ಮಡ್ಡಿ ಕಂಡರೆ ಬಳಸಬೇಡಿ. ಹುಣ್ಣು ಆಳವಾದ ಮೀನು ಉಳಿಯುವುದು ಅಪರೂಪ.

ಬಲೆ, ಬಕೆಟ್ ಒಣಗಿಸಿದರೆ ರೋಗಾಣು ಸಾಯುತ್ತದೆ ಎನ್ನುತ್ತಾರೆ. ಜುಲೈಯಲ್ಲಿ ಕೊಡಗಿನಲ್ಲಿ ಯಾವುದು ಒಣಗುತ್ತದೆ? ಬ್ಲೀಚ್ ನೀರಿನಲ್ಲಿ ಅದ್ದಿ, ತೊಳೆದು, ಬಚ್ಚಲ ಒಲೆಯ ಹತ್ತಿರ ತೂಗುಹಾಕಿ.

ಆಹಾರ

ಹೊಟ್ಟೆ ತುಂಬಿದ ಹಿಂಡು ಕಡಿಮೆ ಕಚ್ಚಾಡುತ್ತದೆ. ಕಾರ್ಡಿನಲ್‌ಗೆ ದಿನಕ್ಕೆರಡು ಬಾರಿ, ಅದರಲ್ಲೊಂದು ದೀಪ ಆರುವ ಮುಂಚೆ. ಕ್ರೋಮಿಸ್‌ಗೆ ಮೂರು. ಆಂಥಿಯಾಸ್‌ಗೆ ನಾಲ್ಕು: ಬೆಳಿಗ್ಗೆ, ಸಂಜೆ ಕೈಯಿಂದ ಫ್ರೋಜನ್ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ), ನಡುವೆ ಎರಡು ಸಲ ಆಟೊ ಫೀಡರಿನಿಂದ 0.5–1 ಮಿ.ಮೀ. ಹರಳಿನ ಆಹಾರ. ಪ್ರತಿ ಬಾರಿ ಒಂದೂವರೆ ನಿಮಿಷದಲ್ಲಿ ಮುಗಿಯುವಷ್ಟೇ. ಒಂದೇ ಜಾಗದಲ್ಲಿ ಸುರಿಯಬೇಡಿ, ಹರಿವಿನ ಎದುರು ಹಾಕಿದರೆ ಉದ್ದಕ್ಕೂ ಹರಡಿ ಕೊನೆಯ ಮೀನಿಗೂ ಸಿಗುತ್ತದೆ.

ಐಸಿನಲ್ಲಿ ಬರುವ ಕಡಲಿನ ಸಿಗಡಿ ಒಳ್ಳೆಯ ಆಹಾರ. ಸುಲಿದು, ತೊಳೆದು, ಒಂದು ವಾರ ಫ್ರೀಜರಿನಲ್ಲಿಟ್ಟು, ನುಣ್ಣಗೆ ಕೊಚ್ಚಿ. ಹೊಳೆಮೀನು ಬೇಡ, ಕಡಲ ಮೀನಿಗೆ ಬೇಕಾದ ಕೊಬ್ಬು ಅದರಲ್ಲಿಲ್ಲ. ಕರೆಂಟು ಹೋಗಿ ಕರಗಿದ ಫ್ರೋಜನ್ ಆಹಾರವನ್ನು ಮತ್ತೆ ಗಟ್ಟಿ ಮಾಡಿ ಬಳಸಬೇಡಿ. ಇಷ್ಟು ಆಹಾರ ಹಾಕಿದರೆ ನೈಟ್ರೇಟ್ ಏರುತ್ತದೆ, ವಾರಕ್ಕೆ ನೂರಕ್ಕೆ ಹತ್ತರಷ್ಟು ನೀರು ಬದಲಿಸಿ 20 ಪಿಪಿಎಂ ಒಳಗಿಡಿ.

ಚಳಿ, ಮಳೆ, ಕರೆಂಟು

ಮಡಿಕೇರಿಯಲ್ಲಿ ನೀರು ತಣಿಸುವ ಚಿಲ್ಲರ್ ಬೇಡ. ಕುಶಾಲನಗರದ ಕಡೆ ಏಪ್ರಿಲ್‌ನಲ್ಲಿ ಒಂದು ಫ್ಯಾನ್ ಸಾಕು. ದುಬಾರಿ ಯಂತ್ರವೊಂದರ ಖರ್ಚು ಉಳಿಯಿತು, ಅದನ್ನು ಹೀಟರಿಗೆ ಹಾಕಿ. ಚಳಿಗಾಲದ ರಾತ್ರಿ ಕೋಣೆ 15 ಡಿಗ್ರಿಗೆ ಇಳಿದರೆ ನೀರನ್ನು 25–26ರಲ್ಲಿಡಲು 250 ಲೀಟರಿಗೆ 200 ವ್ಯಾಟಿನ ಎರಡು ಹೀಟರ್ ಬೇಕು, ಜೊತೆಗೆ ಬೇರೆಯದೇ ಕಂಟ್ರೋಲರ್. ಒಂದು ಕೆಟ್ಟು ನಿಂತರೆ ಇನ್ನೊಂದು ಕಾಯುತ್ತದೆ. ಒಂದು ಆಫ್ ಆಗದೆ ಉಳಿದರೂ 200 ವ್ಯಾಟು ಮೀನನ್ನು ಬೇಯಿಸುವುದಿಲ್ಲ. ಹಿಂಭಾಗ ಮತ್ತು ಎರಡು ಪಕ್ಕಕ್ಕೆ ಒಂದಿಂಚಿನ ಥರ್ಮೋಕೋಲ್ ಅಂಟಿಸಿ.

ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟಿಲ್ಲದಿರುವುದು ನಮಗೆ ಹೊಸದಲ್ಲ. ಮೊದಲು ಸಾಯಿಸುವುದು ಚಳಿಯಲ್ಲ, ಉಸಿರು. 150 ಆಂಪಿಯರ್-ಅವರ್‌ನ ಇನ್ವರ್ಟರ್ ಬ್ಯಾಟರಿಗೆ ಡಿಸಿ ವೇವ್‌ಮೇಕರ್ ಒಂದನ್ನೇ ಹಾಕಿದರೆ ಒಂದು ದಿನಕ್ಕೂ ಹೆಚ್ಚು ಎಳೆಯುತ್ತದೆ. ಅದಕ್ಕೇ 200 ವ್ಯಾಟಿನ ಹೀಟರ್ ಸೇರಿಸಿದರೆ ಐದಾರು ಗಂಟೆಯಲ್ಲಿ ಮುಗಿಯಿತು. ಆದ್ದರಿಂದ ಹೀಟರನ್ನು ಇನ್ವರ್ಟರ್ ಲೈನಿನಿಂದ ಹೊರಗೆ ಇಡಿ. ಬ್ಯಾಟರಿಯ ಏರ್‌ಪಂಪ್ ಒಂದು ಕಪಾಟಿನಲ್ಲಿರಲಿ. ಶಾಖಕ್ಕೆ ಬಚ್ಚಲ ಹಂಡೆ ಇದೆಯಲ್ಲ: ಗಟ್ಟಿ ಮುಚ್ಚಳದ ಎರಡು ಲೀಟರಿನ ಕ್ಯಾನಿಗೆ ಬಿಸಿನೀರು ತುಂಬಿ, ಹೊರಮೈಯ ಬೂದಿ ಒರೆಸಿ, ನಾಲ್ಕು ಕ್ಯಾನ್ ತೇಲಬಿಟ್ಟರೆ 250 ಲೀಟರ್ ಟ್ಯಾಂಕ್ ಸುಮಾರು ಒಂದು ಡಿಗ್ರಿ ಏರುತ್ತದೆ. ಮೇಲೆ ಬಲೆಯ ಅರ್ಧ ಭಾಗಕ್ಕೆ ಮಾತ್ರ ಕಂಬಳಿ ಹೊದಿಸಿ. 22 ಡಿಗ್ರಿವರೆಗೆ ನಿಧಾನವಾಗಿ ಇಳಿದರೆ ಗಾಬರಿ ಬೇಡ. ಕರೆಂಟಿಲ್ಲದ ದಿನ ಆಹಾರ ಹಾಕಬೇಡಿ.

ಜಗಳ ಬಿಡಿಸುವುದು

ಹರಿದ ಬಾಲ, ಮೇಲಿನ ಮೂಲೆಯಲ್ಲಿ ಒಂಟಿಯಾಗಿ ನಿಂತ ಮೀನು, ಊಟಕ್ಕೆ ಬಾರದಿರುವುದು: ಈ ಮೂರರಲ್ಲಿ ಒಂದು ಕಂಡ ದಿನವೇ ಕೈಹಾಕಿ. ಏಟು ತಿಂದದ್ದನ್ನು ಹಿಡಿದು ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಅದು ಹೋದರೆ ಅದರ ಮೇಲಿನದು ಕೊನೆಯದಾಗುತ್ತದೆ, ಅಷ್ಟೇ. ಅಟ್ಟುವ ಮೀನನ್ನು ಹಿಡಿದು, ತೂತುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಅದೇ ಟ್ಯಾಂಕಿನೊಳಗೆ ಒಂದು ವಾರ ಕೂಡಿಹಾಕಿ. ಅಷ್ಟರಲ್ಲಿ ಉಳಿದವು ತಮ್ಮೊಳಗೆ ಹೊಸ ಲೆಕ್ಕ ಹಾಕಿಕೊಂಡಿರುತ್ತವೆ. ಬಿಡುವ ಮುಂಚೆ ಎರಡು ಕಲ್ಲಿನ ಜಾಗ ಬದಲಿಸಿ. ಹಳೆಯ ಬಿಲ ಹಳೆಯ ಜಾಗದಲ್ಲಿ ಇರಬಾರದು.

ಆಂಥಿಯಾಸ್ ಗುಂಪಿನ ಗಂಡು ಸತ್ತರೆ ಹೊಸ ಗಂಡನ್ನು ತರಲು ಓಡಬೇಡಿ. ಒಂದೆರಡು ದಿನದಲ್ಲೇ ದೊಡ್ಡ ಹೆಣ್ಣು ರೆಕ್ಕೆ ಅರಳಿಸಿ ಉಳಿದವನ್ನು ಅಟ್ಟಲು ಶುರುಮಾಡುತ್ತದೆ, ಕೆಲವು ವಾರದಲ್ಲಿ ಕಿತ್ತಳೆ ಬಣ್ಣದ ಮೇಲೆ ನೇರಳೆ ಹರಡುತ್ತದೆ. ಅಷ್ಟು ದಿನ ಆಹಾರವನ್ನು ಇನ್ನೊಂದು ಬಾರಿ ಹೆಚ್ಚಿಸಿ, ಟ್ಯಾಂಕಿಗೆ ಹೊಸ ಮೀನು ಯಾವುದನ್ನೂ ಇಳಿಸಬೇಡಿ.